ಹೆಸರೊಂದೆ, ಮದ್ದು ಬೇರೆ

ಕನ್ನಡದಲ್ಲಿ ‘ಮದ್ದು’ ಎಂಬುದೊಂದು ವಿಲಕ್ಷಣವಾದ ಮಾತು. ಜ್ವರ ಬಂದವನಿಗೆ ವೈದ್ಯರು ಕೊಡುವುದೂ ಮದ್ದು, ಕೋವಿಯ ನಳಿಗೆಗೆ ತುಂಬುವುದೂ ಮದ್ದು. ಆಗದವರು ಅನ್ನದಲ್ಲಿ ಗುಟ್ಟಾಗಿ ಬೆರೆಸುತ್ತಾರೆಂದು ನಮ್ಮ ಹಿರಿಯರು ಅಂಜುತ್ತಿದ್ದ ವಸ್ತುವಿಗೂ ಮದ್ದೆಂದೇ ಹೆಸರು. ಒಂದು ಬದುಕಿಸುವುದು, ಒಂದು ಸಿಡಿಯುವುದು, ಇನ್ನೊಂದು ಕೊಲ್ಲುವುದು. ಮೂರನ್ನೂ ಒಂದೇ ಮಾತಿನಲ್ಲಿ ಕರೆಯುತ್ತ ನಾವು ಶತಮಾನಗಳಿಂದ ಬಾಳುತ್ತಿದ್ದೇವೆ. ಸಂದರ್ಭ ತಿಳಿದವರಿಗೆ ಇದರಿಂದ ಗೊಂದಲವೇನೂ ಆಗುವುದಿಲ್ಲ. ಆದರೆ ಸಂದರ್ಭವೂ ಒಂದೆ, ಹೆಸರೂ ಒಂದೆ, ಒಳಗಿನ ವಸ್ತು ಮಾತ್ರ ಬೇರೆ ಎಂಬಂತಹ ಸನ್ನಿವೇಶ ಬಂದರೆ? ಇಂದಿನ ನನ್ನ ಮಾತು ಆ ಬಗೆಯ ಸನ್ನಿವೇಶವನ್ನು ಕುರಿತದ್ದು.

ಇದನ್ನು ನನ್ನ ತಲೆಗೆ ಹಚ್ಚಿದವರು ನನ್ನ ಹಳೆಯ ವಿದ್ಯಾರ್ಥಿಯೊಬ್ಬರು. ಅವರು ಅಮೆರಿಕದಲ್ಲಿ ನೆಲಸಿದವರು. ರೈಫಲು ಹಿಡಿದು ಗುರಿ ಹೊಡೆಯುವುದು ಅವರ ಹವ್ಯಾಸ. ಅಲ್ಲಿ ಹೊಡೆದ ತೋಟೆಯ ಹಿತ್ತಾಳೆಯ ಚಿಪ್ಪನ್ನು ಎಸೆಯದೆ, ಅದಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ತುಂಬಿ ಮತ್ತೆ ಬಳಸುವ ರೂಢಿ ಉಂಟಂತೆ. ಊರಿಗೆ ಬಂದಿದ್ದಾಗ ಅವರು ಹೇಳಿದರು: “ಸರ್, ಅಂಗಡಿಯಲ್ಲಿ ಎರಡು ಡಬ್ಬಿ ಮದ್ದು. ಎರಡರ ಮೇಲೂ ಒಂದೇ ಅಂಕೆ. ಅಂಕೆಯ ಮುಂದಿನ ಅಕ್ಷರ ಮಾತ್ರ ಬೇರೆ. ಒಂದರ ಬದಲು ಇನ್ನೊಂದನ್ನು ಅದೇ ಅಳತೆಯಲ್ಲಿ ಹಾಕಬಹುದೆ ಎಂದು ಹೊಸಬರೆಲ್ಲ ಕೇಳುತ್ತಾರೆ. ಪರ್ಯಾಯ ಪದಗಳು ಪೂರ್ತಿ ಪರ್ಯಾಯವಲ್ಲ ಎಂದು ನೀವು ತರಗತಿಯಲ್ಲಿ ಹೇಳುತ್ತಿದ್ದ ಮಾತು ನನಗೆ ನೆನಪಾಗುತ್ತದೆ.”

ನಾನು ಕೋವಿ ಹಿಡಿದವನಲ್ಲ, ಕನ್ನಡ ಪಾಠ ಹೇಳಿ ಬದುಕಿದವನು. ಆದರೂ ಈ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಮದ್ದಿನ ಚರಿತ್ರೆಯನ್ನು ಹುಡುಕಿಕೊಂಡು ಹೋದಂತೆ, ಹೆಸರನ್ನು ನಂಬಿ ವಸ್ತುವನ್ನು ಮರೆಯುವ ಪ್ರಮಾದ ಬರಿಯ ಬೇಟೆಗಾರರದಲ್ಲ, ಪಂಡಿತರದೂ ಹೌದೆಂದು ತಿಳಿಯಿತು.

ಮೊದಲು ಪದದ ಕಥೆ. ಸಿಡಿಯುವ ಪುಡಿಯನ್ನು ಔಷಧವೆಂದು ಕರೆದವರು ನಾವು ಮಾತ್ರವಲ್ಲ. ತಮಿಳರ ಮರುಂದು, ತೆಲುಗರ ಮಂದು, ನಮ್ಮ ತುಳುವಿನ ಮರ್ದ್ ಎಲ್ಲಕ್ಕೂ ಈ ಎರಡು ಅರ್ಥಗಳುಂಟು. ಪಾರಸಿಯ ‘ದಾರೂ’ ಎಂದರೆ ಔಷಧ. ಹಿಂದಿ ಮರಾಠಿಗಳಿಗೆ ಬಂದಾಗ ಅದು ಕೋವಿಯ ಮದ್ದೂ ಆಯಿತು, ಮದ್ಯವೂ ಆಯಿತು. ಈ ಪುಡಿಯ ತವರಾದ ಚೀನದಲ್ಲಿ ಅದರ ಹೆಸರು ‘ಹುವೊ ಯಾವೊ’, ಎಂದರೆ ಬೆಂಕಿಯ ಔಷಧ. ಅಲ್ಲಿ ಚಿರಾಯುಷ್ಯದ ರಸಾಯನವನ್ನು ಅರಸುತ್ತಿದ್ದವರ ಪ್ರಯೋಗಗಳಿಂದಲೇ ಅದು ಹೊರಬಂದಿತೆಂದು ವಿದ್ವಾಂಸರು ಹೇಳುತ್ತಾರೆ. ಸಾವನ್ನು ಗೆಲ್ಲಲು ಹೊರಟವರ ಕೈಗೆ ಸಿಕ್ಕದ್ದು ಇದು.

ಅರಬ್ಬಿಯ ‘ಬಾರೂದ್’ ಎಂಬ ಮಾತಿನ ಕಥೆ ಇನ್ನೂ ಬೋಧಪ್ರದವಾದುದು. ಮೊದಲಿಗೆ ಅದರ ಅರ್ಥ ಪೆಟ್ಲುಪ್ಪು ಮಾತ್ರ. ಹದಿಮೂರನೆಯ ಶತಮಾನದ ವೈದ್ಯ ಇಬ್ನ್ ಅಲ್ ಬೈತಾರ್ ಆ ಮಾತನ್ನು ಬಳಸಿದ್ದು ಆ ಅರ್ಥದಲ್ಲಿ. ಮುಂದೆ ಪೆಟ್ಲುಪ್ಪು, ಗಂಧಕ, ಇದ್ದಲು ಮೂರೂ ಸೇರಿದ ಮಿಶ್ರಣಕ್ಕೆ ಅದೇ ಹೆಸರು ನಿಂತಿತು. ಹಳೆಯ ಗ್ರಂಥವೊಂದರಲ್ಲಿ ‘ಬಾರೂದ್’ ಕಂಡೊಡನೆ ಅಲ್ಲಿ ಕೋವಿ ಇತ್ತೆಂದು ಬರೆಯುವವನು, ಉಪ್ಪಿನ ಡಬ್ಬಿಯನ್ನು ಕಂಡು ಸಾರಿನ ರುಚಿಯನ್ನು ವರ್ಣಿಸಿದಂತಾಗುತ್ತದೆ.

ನಮ್ಮ ದೇಶದಲ್ಲಿಯೂ ಇಂತಹ ವಾದವೊಂದು ನಡೆಯಿತು. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಂಸ್ಕೃತದ ಪ್ರಾಧ್ಯಾಪಕರಾಗಿದ್ದ ಗುಸ್ತಾವ್ ಓಪರ್ಟ್ 1880ರಲ್ಲಿ ಒಂದು ಪುಸ್ತಕ ಬರೆದು, ಪ್ರಾಚೀನ ಹಿಂದೂಗಳಿಗೆ ಕೋವಿಯೂ ಮದ್ದೂ ತಿಳಿದಿದ್ದುವೆಂದು ಪ್ರತಿಪಾದಿಸಿದರು. ಅವರಿಗೆ ಮುಖ್ಯ ಆಧಾರವಾದದ್ದು ಶುಕ್ರನೀತಿ. ಅದರಲ್ಲಿ ಬೃಹನ್ನಾಲಿಕ, ಲಘುನಾಲಿಕ ಎಂಬ ಆಯುಧಗಳೂ ‘ಅಗ್ನಿಚೂರ್ಣ’ವನ್ನು ಮಾಡುವ ಕ್ರಮವೂ ಹೇಳಲ್ಪಟ್ಟಿವೆ. ‘ನಾಲಿಕ’ವೆಂಬ ಹೆಸರು ಮಹಾಭಾರತದಲ್ಲಿಯೂ ಬರುವುದರಿಂದ ಅಲ್ಲಿಯೂ ಕೋವಿ ಇತ್ತೆನ್ನಲು ಅನೇಕರಿಗೆ ಉತ್ಸಾಹ ಬಂತು. ಆದರೆ ಶುಕ್ರನೀತಿಯ ಪ್ರಾಚೀನತೆಯೇ ಸಂದೇಹಕ್ಕೆ ಒಳಗಾಯಿತು. 1962ರಲ್ಲಿ ಲಲ್ಲನ್‌ಜಿ ಗೋಪಾಲ್ ಅದು ಹತ್ತೊಂಬತ್ತನೆಯ ಶತಮಾನದ ಕೃತಿಯೆಂದೇ ವಾದಿಸಿದರು. ಅದು ಹೇಗೆ ಇರಲಿ, ಬಾಣದ ಒಂದು ಬಗೆಗೆ ಇದ್ದ ಹೆಸರು ಮುಂದೆ ಕೋವಿಗೆ ಸಂದರೆ, ಬಾಣವೇ ಕೋವಿಯಾಗಿತ್ತೆಂದು ಸಿದ್ಧವಾಗುವುದಿಲ್ಲ.

‘ಬಾಣ’ವೆಂಬ ಮಾತನ್ನೇ ನೋಡಿ. ಹೈದರ್ ಮತ್ತು ಟಿಪ್ಪುವಿನ ಸೈನ್ಯದವರು ಶತ್ರುಗಳ ಮೇಲೆ ಬಿಟ್ಟ ಕಬ್ಬಿಣದ ಕೊಳವೆಯ ರಾಕೆಟ್ಟಿಗೂ ಬಾಣವೆಂದೇ ಹೆಸರಾಗಿತ್ತು. ಜಾತ್ರೆಯಲ್ಲಿ ನಾವು ಕಾಣುವ ಬಾಣಬಿರುಸಿನಲ್ಲಿಯೂ ಆ ಮಾತು ಉಳಿದಿದೆ. ನೇತ್ರಾವತಿಯ ಆಚೆ ದಡದ ಉಳ್ಳಾಲದ ರಾಣಿ ಅಬ್ಬಕ್ಕ ಪೋರ್ತುಗೀಸರ ಹಡಗುಗಳ ಮೇಲೆ ‘ಅಗ್ನಿಬಾಣ’ ಬಿಡಿಸಿದಳೆಂದು ಜನಶ್ರುತಿ. ಅದು ಎಣ್ಣೆ ಬಟ್ಟೆ ಸುತ್ತಿ ಉರಿಹಚ್ಚಿದ ಬಿಲ್ಲಿನ ಬಾಣವೊ, ಮದ್ದು ತುಂಬಿದ ಕೊಳವೆಯೊ ಎಂಬುದನ್ನು ಹೆಸರೊಂದರಿಂದಲೇ ನಿರ್ಣಯಿಸುವುದು ಸಾಧ್ಯವಿಲ್ಲ. ಇಂತಹ ಕಡೆಯಲ್ಲಿ ವಸ್ತುವೇ ಸಾಕ್ಷಿ ಹೇಳಬೇಕು. ಶಿವಮೊಗ್ಗ ಜಿಲ್ಲೆಯ ನಗರದಲ್ಲಿ, ಎಂದರೆ ಹಿಂದಿನ ಬಿದನೂರಿನಲ್ಲಿ, ಹಾಳುಬಾವಿಯೊಂದರಿಂದ 2002ರಲ್ಲಿ ಕೆಲವು, 2018ರಲ್ಲಿ ಸಾವಿರಕ್ಕೂ ಮಿಕ್ಕಿ ಕಬ್ಬಿಣದ ರಾಕೆಟ್ಟುಗಳು ಹೊರಬಂದಾಗ ಅಂತಹ ಸಾಕ್ಷಿ ದೊರೆಯಿತು. ಬಾವಿಯ ಕೆಸರಿಗೆ ಮದ್ದಿನ ವಾಸನೆ ಇದ್ದದ್ದೇ ಆ ಶೋಧಕ್ಕೆ ದಾರಿ ತೋರಿಸಿತಂತೆ.

ನಮ್ಮ ಮಂಗಳೂರಿಗೂ ಮದ್ದಿಗೂ ಇರುವ ನಂಟು ಚಿಕ್ಕದೇನಲ್ಲ. 1443ರಲ್ಲಿ ಪಾರಸಿಕ ರಾಯಭಾರಿ ಅಬ್ದುರ್ ರಜಾಕ್ ಕಲ್ಲಿಕೋಟೆಯಿಂದ ಕಡಲ ದಾರಿಯಲ್ಲಿ ಬಂದು, ಮಂಗಳೂರಿನ ಮೂಲಕವೇ ಘಟ್ಟ ಹತ್ತಿ ವಿಜಯನಗರಕ್ಕೆ ಹೋದನು. ಅಲ್ಲಿಯ ಮಹಾನವಮಿಯಲ್ಲಿ ಅವನು ಕಂಡ ವಿನೋದಗಳಲ್ಲಿ ಬಾಣಬಿರುಸುಗಳ ಪ್ರಸ್ತಾಪವೂ ಉಂಟು. ಪುಣೆಯ ವಿದ್ವಾಂಸ ಪಿ. ಕೆ. ಗೋಡೆಯವರು ಭಾರತದ ಬಾಣಬಿರುಸಿನ ಚರಿತ್ರೆಯನ್ನು ಕುರಿತು ಬರೆದ, 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚಾದ ಪ್ರಬಂಧದಲ್ಲಿ ಈ ಸಾಕ್ಷ್ಯವನ್ನು ಪರಿಶೀಲಿಸಿದ್ದಾರೆ. ಅಲ್ಲಿಂದ ಮೂರೂವರೆ ಶತಮಾನ ಮುಂದೆ ಬಂದರೆ 1783ರ ಮಂಗಳೂರು ಮುತ್ತಿಗೆ. ಕರ್ನಲ್ ಕ್ಯಾಂಪ್‌ಬೆಲ್ಲನ ಕೈಯಲ್ಲಿದ್ದ ಕೋಟೆಯನ್ನು ಟಿಪ್ಪು ಮೇ ತಿಂಗಳಲ್ಲಿ ಮುತ್ತಿದನು. ಮಳೆಗಾಲವೊಂದು ಇಡಿಯಾಗಿ ಕಳೆದು, 1784ರ ಜನವರಿ 30ರಂದು ಅದು ಅವನ ವಶವಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ರುಜು ಬಿತ್ತು.

ಬೋಳೂರಿನಲ್ಲಿ, ಗುರುಪುರ ಹೊಳೆಯ ದಂಡೆಯಲ್ಲಿ ನಿಂತಿರುವ ಸುಲ್ತಾನ್ ಬತ್ತೇರಿ ಆ ವರ್ಷದ್ದೆಂದೇ ಪ್ರಸಿದ್ಧಿ. ಶತ್ರುಗಳ ಹಡಗು ಹೊಳೆಯೊಳಗೆ ನುಸುಳದಂತೆ ಕಾಯಲು ಕಟ್ಟಿದ ಕರಿಗಲ್ಲಿನ ಬುರುಜು ಅದು. ಅದರ ಅಡಿಯಲ್ಲಿ ಮದ್ದು ಇಡುತ್ತಿದ್ದ ನೆಲಮಾಳಿಗೆ ಉಂಟು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಈ ಕರಾವಳಿಯಲ್ಲಿ ಮದ್ದನ್ನು ಒಣಗಿಸಿಟ್ಟುಕೊಳ್ಳುವುದು ಎಂತಹ ಕಷ್ಟದ ಕೆಲಸವಾಗಿತ್ತೆಂಬುದನ್ನು, ಆಷಾಢದಲ್ಲಿ ಹಪ್ಪಳದ ಡಬ್ಬಿ ಕಾಯುವ ನಮ್ಮ ಮನೆಯ ಹೆಂಗಸರು ಚೆನ್ನಾಗಿ ಬಲ್ಲರು.

ಇಲ್ಲಿಯೂ ಹೆಸರಿನ ಮೋಸವೊಂದು ಅಡಗಿದೆ. ಬಿಹಾರದ ನೆಲದಿಂದ ತೆಗೆದು ಕಂಪೆನಿಯವರು ಹಡಗುಗಟ್ಟಲೆ ಸಾಗಿಸುತ್ತಿದ್ದ ಪೆಟ್ಲುಪ್ಪು ಪೊಟ್ಯಾಸಿಯಂ ನೈಟ್ರೇಟು. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಚಿಲಿಯಿಂದ ಜಗತ್ತಿನ ಪೇಟೆಗೆ ಬಂದದ್ದಕ್ಕೂ ಪೆಟ್ಲುಪ್ಪೆಂದೇ ಹೆಸರಾಯಿತು. ಆದರೆ ಅದು ಸೋಡಿಯಂ ನೈಟ್ರೇಟು. ಅದು ಗಾಳಿಯ ತೇವವನ್ನು ಬೇಗ ಹೀರಿಕೊಳ್ಳುವುದರಿಂದ ಕೋವಿಯ ಮದ್ದಿಗೆ ಒಗ್ಗುವುದಿಲ್ಲ. ಒಂದು ಹೆಸರು, ಎರಡು ಉಪ್ಪು.

ಆದರೂ ಆ ಕಾಲದ ಕರಿಮದ್ದಿನ ಹೆಸರು ತಕ್ಕಮಟ್ಟಿಗೆ ಪ್ರಾಮಾಣಿಕವಾಗಿತ್ತೆನ್ನಬೇಕು. ಎಲ್ಲಿ ಮಾಡಿದರೂ ಅದರಲ್ಲಿ ಇರುತ್ತಿದ್ದುವು ಆ ಮೂರು ಪದಾರ್ಥಗಳು. ಇಂಗ್ಲೆಂಡಿನಲ್ಲಿ ನೂರಕ್ಕೆ 75 ಪೆಟ್ಲುಪ್ಪು, 15 ಇದ್ದಲು, 10 ಗಂಧಕ ಎಂಬ ಪ್ರಮಾಣ ನೆಲೆಗೊಂಡಿತು. ವ್ಯತ್ಯಾಸವಿದ್ದದ್ದು ಮುಖ್ಯವಾಗಿ ಕಾಳಿನಲ್ಲಿ. ಫಿರಂಗಿಗೆ ದಪ್ಪ ಕಾಳು, ಕೋವಿಗೆ ಸಣ್ಣ ಕಾಳು, ಕೋವಿಯ ಕಿವಿಗೆ ಹಾಕುವ ರಂಜಕಕ್ಕೆ ನುಣುಪು ಪುಡಿ. ಬಚ್ಚಲೊಲೆಗೆ ಇಡಿಯ ಕೊರಡು ಹಾಕುವುದಕ್ಕೂ ಅದನ್ನೇ ಸೀಳಿ ಚಕ್ಕೆ ಮಾಡಿ ಹಾಕುವುದಕ್ಕೂ ಇರುವಷ್ಟು ಅಂತರ ಇದು. ಮರ ಒಂದೆ, ಉರಿಯುವ ವೇಗ ಬೇರೆ. ಕೋವಿಗೆ ಬೇಕಾದದ್ದು ಬೆಂಕಿ ಮಾತ್ರವಲ್ಲ, ಇಂತಿಷ್ಟು ವೇಗದ ಬೆಂಕಿ. ಗುಂಡು ನಳಿಗೆಯಲ್ಲಿ ಮುಂದೆ ಸರಿಯುವ ಮೊದಲೆ ಒತ್ತಡ ಮಿತಿಮೀರಿದರೆ ಗುಂಡಿನ ಬದಲು ಕೋವಿಯೇ ಒಡೆಯುತ್ತದೆ.

ಈ ಹಳೆಯ ಪ್ರಪಂಚ 1884ರಲ್ಲಿ ತಲೆಕೆಳಗಾಯಿತು. ಫ್ರಾನ್ಸಿನ ಪೋಲ್ ವಿಯೆಯ್ ಎಂಬ ರಸಾಯನಶಾಸ್ತ್ರಜ್ಞ ನೈಟ್ರೊಸೆಲ್ಯುಲೋಸಿನಿಂದ ಹೊಗೆಯಿಲ್ಲದ ಮದ್ದನ್ನು ತಯಾರಿಸಿದನು. 1887ರಲ್ಲಿ ಆಲ್ಫ್ರೆಡ್ ನೊಬೆಲನ ಬ್ಯಾಲಿಸ್ಟೈಟ್ ಬಂತು. 1889ರಲ್ಲಿ ಇಂಗ್ಲೆಂಡಿನ ಏಬೆಲ್ ಮತ್ತು ಡ್ಯೂವರ್ ಕಾರ್ಡೈಟನ್ನು ರೂಪಿಸಿದರು. ಇದನ್ನು ಹಿಟ್ಟಿನಂತೆ ನಾದಿ, ಶಾವಿಗೆ ಒರಳಿನಿಂದ ಶಾವಿಗೆ ಇಳಿಸುವಂತೆ ಎಳೆಎಳೆಯಾಗಿ ಇಳಿಸುತ್ತಿದ್ದರು. ದಾರವೆಂಬ ಅರ್ಥದ ಇಂಗ್ಲಿಷ್ ಮಾತಿನಿಂದ ಅದಕ್ಕೆ ಆ ಹೆಸರು. ನಮ್ಮ ನೆರೆಯ ನೀಲಗಿರಿಯ ಅರವಂಕಾಡಿನ ಕಾರ್ಖಾನೆ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಸ್ಥಾಪನೆಯಾದದ್ದು ಈ ಕಾರ್ಡೈಟಿಗಾಗಿ.

ಹೊಸ ಮದ್ದಿನಲ್ಲಿ ಪೆಟ್ಲುಪ್ಪಿಲ್ಲ, ಗಂಧಕವಿಲ್ಲ, ಇದ್ದಲಿಲ್ಲ. ಹಳೆಯದರೊಡನೆ ಅದಕ್ಕೆ ರಕ್ತಸಂಬಂಧವೇ ಇಲ್ಲ. ಹೆಸರು ಮಾತ್ರ ವಾರಸುದಾರನಿಗೆ ಸಿಕ್ಕ ಮನೆತನದ ಹೆಸರಿನಂತೆ ಮುಂದುವರಿಯಿತು. ಗುಣವೂ ಬೇರೆ. ಮುಚ್ಚಿದ ನಳಿಗೆಯಲ್ಲಿ ಒತ್ತಡ ಏರಿದಷ್ಟೂ ಹೊಸ ಮದ್ದು ಇನ್ನೂ ರಭಸದಿಂದ ಉರಿಯುತ್ತದೆ; ಆ ರಭಸ ಒತ್ತಡವನ್ನು ಮತ್ತೆ ಏರಿಸುತ್ತದೆ. ಕರಿಮದ್ದಿನಲ್ಲಿ ಈ ಗುಣ ಇಷ್ಟು ತೀವ್ರವಾಗಿಲ್ಲ. ಕರಿಮದ್ದಿಗೆಂದು ಮಾಡಿದ ಕೋವಿಗೆ ಅದೇ ಅಳತೆಯ ಹೊಸ ಮದ್ದನ್ನು ತುಂಬಿದರೆ ನಳಿಗೆ ಸೀಳುವುದು ಈ ಕಾರಣದಿಂದ.

ಹೊಸ ಮದ್ದುಗಳ ಒಳಗೂ ಹೆಸರಿನ ಆಟ ಮುಗಿಯಲಿಲ್ಲ. ಮೊದಲ ಕಾರ್ಡೈಟಿನಲ್ಲಿ ನೂರಕ್ಕೆ 58 ಪಾಲು ನೈಟ್ರೊಗ್ಲಿಸರಿನ್, 37 ಪಾಲು ನೈಟ್ರೊಸೆಲ್ಯುಲೋಸ್. ಅದರ ಬಿಸಿಗೆ ನಳಿಗೆಗಳು ಬೇಗ ಸವೆಯುತ್ತವೆಂದು ತಿಳಿದ ಮೇಲೆ ಪ್ರಮಾಣವನ್ನು ತಿರುಗಿಸಿ 30 ಮತ್ತು 65 ಮಾಡಿದರು. ಎರಡೂ ಕಾರ್ಡೈಟೆ. ಹೆಸರಿನ ಬಾಲಕ್ಕೆ ಸೇರಿದ ಎರಡು ಇಂಗ್ಲಿಷ್ ಅಕ್ಷರಗಳೇ ಅವೆರಡರ ಅಂತರವನ್ನು ಹೇಳಬೇಕಾಗಿತ್ತು.

ಈಗ ನನ್ನ ವಿದ್ಯಾರ್ಥಿ ಹೇಳಿದ ಎರಡು ಡಬ್ಬಿಗಳಿಗೆ ಬರೋಣ. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದವರು 20 ಮಿಲಿಮೀಟರ್ ಫಿರಂಗಿಗೆಂದು 4831 ಎಂಬ ಅಂಕೆಯ ಮದ್ದನ್ನು ಅಪಾರವಾಗಿ ತಯಾರಿಸಿದ್ದರು. ಯುದ್ಧ ಮುಗಿದ ಮೇಲೆ ಉಳಿದ ರಾಶಿಯನ್ನು ಕಾನ್ಸಾಸಿನ ಬ್ರೂಸ್ ಹಾಡ್ಜ್‌ಡನ್ ಕೊಂಡು, ತೋಟೆ ತುಂಬುವ ಹವ್ಯಾಸಿಗಳಿಗೆ ಮಾರಿದನು. ಅವನ ಹೆಸರಿನ ಮೊದಲಕ್ಷರ ಸೇರಿ ಅದು ‘ಎಚ್ 4831’ ಆಯಿತು. ಹಳೆಯ ದಾಸ್ತಾನು ತೀರಿದ ಬಳಿಕ ಆ ಹೆಸರಿನ ಮದ್ದನ್ನು ಮೊದಲು ಸ್ಕಾಟ್ಲೆಂಡಿನಲ್ಲಿ, ಅನಂತರ ಆಸ್ಟ್ರೇಲಿಯದಲ್ಲಿ ಹೊಸದಾಗಿ ಮಾಡಿಸಿದರು. ಈ ನಡುವೆ 1973ರಲ್ಲಿ ಡ್ಯುಪಾಂಟ್ ಕಂಪೆನಿ ಅದೇ ಅಂಕೆಯಲ್ಲಿ ‘ಐಎಂಆರ್ 4831’ ಎಂಬ ತನ್ನ ಮದ್ದನ್ನು ಪೇಟೆಗೆ ತಂದಿತು. ಅದು ಎಚ್ 4831ಕ್ಕಿಂತ ಬೇಗ ಉರಿಯುವಂತಹುದು. ಎಚ್‌ಗೆ ಹೇಳಿದ ಗರಿಷ್ಠ ಅಳತೆಯಲ್ಲಿ ಐಎಂಆರ್ ತುಂಬಿದರೆ ಒತ್ತಡ ಅಪಾಯದ ಮಟ್ಟ ಮುಟ್ಟುತ್ತದೆ. 2003ರಲ್ಲಿ ಐಎಂಆರ್ ಹೆಸರು ಹಾಡ್ಜ್‌ಡನ್ ಸಂಸ್ಥೆಯ ಕೈಗೇ ಬಂತು. ಒಡೆಯ ಒಬ್ಬನೇ ಆದರೂ ಎರಡರ ಅಳತೆಯ ಪಟ್ಟಿಗಳು ಬೇರೆಬೇರೆಯಾಗಿಯೇ ಉಳಿದುವು. 4895 ಎಂಬ ಅಂಕೆಯ ಮದ್ದಿನಲ್ಲಿಯೂ ಇಂತಹದೇ ಜೋಡಿ ಉಂಟು. ಆದ್ದರಿಂದ ಪ್ರಶ್ನೆಗೆ ಉತ್ತರ ಸ್ಪಷ್ಟ: ಬಳಸಕೂಡದು. ಒಂದು ಡಬ್ಬಿಯ ಅಳತೆ ಆ ಡಬ್ಬಿಗೇ ಮೀಸಲು.

ಇದು ದೂರದ ದೇಶದ ಮಾತು, ನಮಗೇನು ಎನ್ನುವಂತಿಲ್ಲ. ಕೊಡಗಿನಲ್ಲಿ ಕೋವಿ ಮನೆಯ ದೇವರ ಕೋಣೆಗೆ ಸಲ್ಲುವ ವಸ್ತು. ಕೈಲ್ ಪೊಳ್ದಿನಲ್ಲಿ ಅದಕ್ಕೆ ಪೂಜೆ; ಗಂಡುಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸುವುದು ಅಲ್ಲಿಯ ಸಂಪ್ರದಾಯ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ಇರುವ ವಿನಾಯಿತಿಯನ್ನು ಕೇಂದ್ರ ಸರಕಾರ 2019ರಲ್ಲಿ ಹತ್ತು ವರ್ಷಕ್ಕೆ ಮುಂದುವರಿಸಿತು; 2021ರಲ್ಲಿ ಕರ್ನಾಟಕದ ಉಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ನಮ್ಮ ಜಿಲ್ಲೆಯ ಅಡಕೆ ತೋಟದವರಲ್ಲಿಯೂ ಬೆಳೆ ರಕ್ಷಣೆಯ ಪರವಾನಗಿಯ ಕೋವಿಗಳಿವೆ. ಇವುಗಳಲ್ಲಿ ಕೆಲವು ಅಜ್ಜನ ಕಾಲದ ಕೇಪಿನ ಕೋವಿಗಳು, ಕರಿಮದ್ದಿಗೆಂದೇ ಹುಟ್ಟಿದವು; ಕೆಲವು ಹೊಸ ತೋಟೆಯ ಕೋವಿಗಳು. ಎರಡರ ಒಳಗೆ ಉರಿಯುವುದೂ ನಮ್ಮ ಮಾತಿನಲ್ಲಿ ಮದ್ದೆ. ತೋಟೆ ಬಿಚ್ಚಿ ತೆಗೆದ ಪುಡಿಯೂ ಮದ್ದೆ.

ಇಷ್ಟಕ್ಕೆ ಮುಗಿಯಲಿಲ್ಲ. ತುಳುನಾಡಿನಲ್ಲಿ ‘ಬೆಡಿ’ ಎಂದರೆ ಕೋವಿಯೂ ಹೌದು, ಜಾತ್ರೆಯ ಸಿಡಿಮದ್ದೂ ಹೌದು. ಕುಂಬಳೆಯ ಬೆಡಿ, ಪುತ್ತೂರಿನ ಬೆಡಿ ನೋಡಲು ಹೋಗದವರು ಈ ಕಡೆ ವಿರಳ. ಕೋಲ ನೇಮಗಳಲ್ಲಿ ಗರ್ನಾಲು ಹಾರಿಸುವುದೂ ರೂಢಿ. ಇಂದಿನ ಸಿಡಿಮದ್ದುಗಳಲ್ಲಿ ಅಲ್ಯೂಮಿನಿಯಂ ಪುಡಿ ಸೇರಿದ, ಕಣ್ಣುಕೋರೈಸುವ ಬಗೆಯೊಂದಿದೆ. ಅದು ಕ್ಷಣಮಾತ್ರದಲ್ಲಿ ಸಿಡಿಯುವುದಕ್ಕೆಂದೇ ಮಾಡಿದ್ದು. ನಳಿಗೆಯಲ್ಲಿ ಗುಂಡನ್ನು ತಳ್ಳುವುದಕ್ಕೆ ಅಲ್ಲ. ಹಬ್ಬದ ಬೆಡಿಯ ಮದ್ದು ಬೇಟೆಯ ಬೆಡಿಗೂ ಆದೀತು ಎಂದು ಭಾಷೆ ಪಿಸುಗುಟ್ಟಿದರೆ ಅದನ್ನು ಕೇಳಬಾರದು. 1884ರ ಸ್ಫೋಟಕ ಕಾಯಿದೆ, 1959ರ ಶಸ್ತ್ರಾಸ್ತ್ರ ಕಾಯಿದೆಗಳು ಪರವಾನಗಿಯಿಲ್ಲದೆ ಮದ್ದನ್ನು ತಯಾರಿಸುವುದನ್ನೂ ಇಟ್ಟುಕೊಳ್ಳುವುದನ್ನೂ ನಿರ್ಬಂಧಿಸಿರುವುದರ ಹಿಂದೆ ಈ ಅಪಾಯದ ಅರಿವೂ ಇದೆ.

ಪಂಡಿತನು ಹೆಸರಿಗೆ ಮೋಸಹೋದರೆ ಒಂದು ಪ್ರಬಂಧ ಕೆಡುತ್ತದೆ. ಇನ್ನೊಬ್ಬ ಪಂಡಿತ ಬಂದು ತಿದ್ದುತ್ತಾನೆ. ಕೋವಿಯವನು ಮೋಸಹೋದರೆ ಕಣ್ಣೊ ಕೈಯೊ ಹೋಗುತ್ತದೆ, ಕೆಲವೊಮ್ಮೆ ಪಕ್ಕದಲ್ಲಿ ನಿಂತವನ ಪ್ರಾಣವೂ. ಅದನ್ನು ತಿದ್ದುವವರಿಲ್ಲ.

ಈ ವಿಷಯದಲ್ಲಿ ನಾವು ನಮ್ಮ ನಾಟಿ ವೈದ್ಯರಿಂದ ಕಲಿಯಬಹುದು. ಬ್ರಾಹ್ಮಿ ತನ್ನಿ ಎಂದರೆ ಕರಾವಳಿಯಲ್ಲಿ ಒಬ್ಬರು ಒಂದೆಲಗ ತರುತ್ತಾರೆ, ತುಳುವಿನ ತಿಮರೆ ಅದು. ಇನ್ನೊಬ್ಬರು ನೀರುಬ್ರಾಹ್ಮಿ ತರುತ್ತಾರೆ. ಎರಡಕ್ಕೂ ಆ ಹೆಸರು ಸಲ್ಲುತ್ತದೆ, ಗಿಡಗಳು ಮಾತ್ರ ಬೇರೆ. ಆದ್ದರಿಂದ ಬಲ್ಲ ವೈದ್ಯರು ಹೆಸರು ಹೇಳಿ ಸುಮ್ಮನಾಗುವುದಿಲ್ಲ. ಎಲೆ ಹೇಗಿದೆ, ಎಲ್ಲಿ ಬೆಳೆದದ್ದು, ಯಾವ ರೋಗಕ್ಕೆ ಎಂದು ಕೇಳಿ, ಕೈಯಲ್ಲಿ ಹಿಡಿದು ನೋಡಿ, ಆಮೇಲೆ ಅರೆಯಲು ಹೇಳುತ್ತಾರೆ. ಕೋವಿಯ ಮದ್ದಿಗೂ ಪ್ರಶ್ನೆಗಳು ಇವೇ: ಯಾರು ಮಾಡಿದ್ದು, ಯಾವಾಗ ಮಾಡಿದ್ದು, ಯಾವ ಕೋವಿಗೆಂದು ಮಾಡಿದ್ದು, ಅದಕ್ಕೆ ಅವರೇ ಹೇಳಿದ ಅಳತೆ ಎಷ್ಟು. ಇವುಗಳಲ್ಲಿ ಒಂದಕ್ಕೆ ಉತ್ತರ ಸಿಕ್ಕದಿದ್ದರೂ ಆ ಡಬ್ಬಿಯನ್ನು ಮುಟ್ಟದೆ ಇಡುವುದು ಲೇಸು.